ಕಳೆ ಹೋಗಲಿ, ವಿಷ ಉಳಿಯದಿರಲಿ

ಮುಂಗಾರಿನ ಮೊದಲ ಮಳೆಗಳು ಬಿದ್ದ ಹದಿನೈದು ದಿನಗಳಲ್ಲಿ ನಮ್ಮ ಊರುಗಳ ರಸ್ತೆಬದಿ, ಶಾಲೆಯ ಅಂಗಳ, ಬಸ್ ತಂಗುದಾಣದ ಹಿಂಬದಿ, ನಾಲೆಯ ಏರಿ, ರುದ್ರಭೂಮಿ, ದೇವಾಲಯದ ಪ್ರಾಕಾರ, ಹೊಸ ಬಡಾವಣೆಯ ಖಾಲಿ ನಿವೇಶನ ಎಲ್ಲವೂ ಹಸಿರಾಗುತ್ತವೆ. ಪಾಲಹಳ್ಳಿಯಂತಹ ಊರು ಈಗ ಪೂರ್ತಿ ಹಳ್ಳಿಯೂ ಅಲ್ಲ, ಪೂರ್ತಿ ಪಟ್ಟಣವೂ ಅಲ್ಲ. ಒಂದು ಮಗ್ಗುಲಲ್ಲಿ ಶ್ರೀರಂಗಪಟ್ಟಣ, ಇನ್ನೊಂದು ಮಗ್ಗುಲಲ್ಲಿ ಕೃಷ್ಣರಾಜಸಾಗರ, ಕೂಗಳತೆಯಲ್ಲೇ ಎಂಬಷ್ಟು ಹತ್ತಿರ ಮೈಸೂರು. ಗದ್ದೆಯ ಬದು ಯಾರದೆಂದು ಎಲ್ಲರಿಗೂ ಗೊತ್ತು. ರಸ್ತೆಯ ಬದಿ ಯಾರದೆಂದು ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ಸೇರಿದ ಜಾಗದಲ್ಲಿ ಬೆಳೆದ ಕಳೆಯನ್ನು ಕೀಳುವ ಹೊಣೆ ಯಾರಿಗೂ ಸೇರದೆ ಉಳಿಯುತ್ತದೆ.

ಹಿಂದೆ ಹಬ್ಬ, ಜಾತ್ರೆ, ಪಲ್ಲಕ್ಕಿ ಉತ್ಸವ ಹತ್ತಿರ ಬಂದಾಗ ಮನೆಗೊಬ್ಬರಂತೆ ಕುಡುಗೋಲು, ಗುದ್ದಲಿ ಹಿಡಿದು ಬರುತ್ತಿದ್ದರು. ಈಗ ಬೆನ್ನಿಗೆ ಡಬ್ಬಿ ಕಟ್ಟಿಕೊಂಡ ಒಬ್ಬನೇ ಬರುತ್ತಾನೆ. ಅರ್ಧ ದಿನದಲ್ಲಿ ಸಿಂಪಡಣೆ ಮುಗಿಯುತ್ತದೆ. ಎಂಟು ಹತ್ತು ದಿನಗಳಲ್ಲಿ ಹಸಿರೆಲ್ಲ ಹಳದಿಯಾಗಿ, ಕಂದಾಗಿ ಮಲಗುತ್ತದೆ. ಜಾಗ ಸ್ವಚ್ಛವಾಯಿತೆಂದು ನಾವು ಸಮಾಧಾನಪಡುತ್ತೇವೆ. ಆದರೆ ಆ ಎಂಟು ಹತ್ತು ದಿನಗಳಲ್ಲಿ ಅದೇ ಹುಲ್ಲಿನ ಮೇಲೆ ಯಾರು ಮಲಗಿದರು, ಯಾರು ಮೇಯ್ದರು, ಯಾರು ಅದನ್ನು ಕಿತ್ತು ಮನೆಗೆ ಕೊಂಡೊಯ್ದರು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಲೇಖನದಲ್ಲಿ ಆ ಪ್ರಶ್ನೆಯನ್ನು ಕೇಳಿಕೊಂಡು, ವಿಷವಿಲ್ಲದೆ ಕಳೆಯನ್ನು ಹತೋಟಿಯಲ್ಲಿಡುವ ಬಗೆಯನ್ನು ನೋಡೋಣ.

ಕಳೆಯೆಂದರೆ ಎಲ್ಲವೂ ಕಳೆಯೇ?

ಔಷಧವಾಗದ ದ್ರವ್ಯವೇ ಲೋಕದಲ್ಲಿಲ್ಲ ಎಂಬುದು ಚರಕಾಚಾರ್ಯರ ಮೂಲಭೂತ ನಿಲುವುಗಳಲ್ಲಿ ಒಂದು. ಯುಕ್ತಿಯನ್ನರಿತು ಬಳಸುವವನಿಗೆ ಎಲ್ಲವೂ ಔಷಧ. ನಮ್ಮ ರಸ್ತೆಬದಿಯಲ್ಲಿ ನಿಂತು ಈ ಮಾತನ್ನು ಪರೀಕ್ಷಿಸಬಹುದು. ಕಾಲಿಗೆ ತೊಡರುವ ಗರಿಕೆ ಆಯುರ್ವೇದದ ದೂರ್ವಾ. ರಕ್ತಪಿತ್ತದಲ್ಲಿ ಹೇಳಿದ ಶೀತವೀರ್ಯದ ಗಿಡ. ಬಟ್ಟೆಗೆ ಅಂಟುವ ಉತ್ತರಣೆ ಅಪಾಮಾರ್ಗ. ಗೋಡೆಯ ಬುಡದ ನೆಲನೆಲ್ಲಿ ಭೂಮ್ಯಾಮಲಕಿ. ಕಾಮಾಲೆಗೆ ಹಳ್ಳಿಯ ಜನ ಇಂದಿಗೂ ಹುಡುಕಿಕೊಂಡು ಹೋಗುವ ಗಿಡ. ತೇವವಿದ್ದಲ್ಲಿ ಗರುಗ, ಅದೇ ಭೃಂಗರಾಜ. ಒಣನೆಲದಲ್ಲಿ ಹರಡುವುದು ಪುನರ್ನವ, ಮುಳ್ಳಿನ ಕಾಯಿ ಬಿಡುವುದು ನೆಗ್ಗಿಲು. ಬಿಳಿ ಹೂವಿನ ತುಂಬೆ ವೈದ್ಯರಿಗೆ ದ್ರೋಣಪುಷ್ಪಿ. ಭಕ್ತರಿಗೆ ಶಿವಪೂಜೆಯ ಹೂ.

ಇನ್ನು ಅಡುಗೆಮನೆಗೆ ಬರೋಣ. ಮಂಡ್ಯ ಸೀಮೆಯ ಬೆರಕೆ ಸೊಪ್ಪಿನ ಸಾರಿನ ರುಚಿಯನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನ್ನೆ, ಗೋಣಿ ಸೊಪ್ಪು, ಕಿರೆ ಸೊಪ್ಪು ಇವುಗಳಲ್ಲಿ ಹೆಚ್ಚಿನವು ಯಾರೂ ಬಿತ್ತದೆ ಬೆಳೆಯುವಂಥವು. ಕೃಷಿಯ ಲೆಕ್ಕದಲ್ಲಿ ಅವು ಕಳೆ. ಬಡವರ ಲೆಕ್ಕದಲ್ಲಿ ಅವು ಕಾಸಿಲ್ಲದೆ ಸಿಗುವ ಕಬ್ಬಿಣಾಂಶ ಮತ್ತು ಜೀವಸತ್ವ. ಹೊಲದ ಬದು, ನಾಲೆಯ ಏರಿ, ಖಾಲಿ ನಿವೇಶನಗಳಲ್ಲಿ ಮಡಿಲು ತುಂಬ ಸೊಪ್ಪು ಕೊಯ್ದು ತರುವ ಹೆಂಗಸರನ್ನು ನಾವು ದಿನವೂ ಕಾಣುತ್ತೇವೆ.

ಸಿಂಪಡಣೆಯಾದ ಮೊದಲ ಎರಡು ಮೂರು ದಿನ ಗಿಡ ಹಸಿರಾಗಿಯೇ ಕಾಣುತ್ತದೆ. ಗ್ಲೈಫೋಸೇಟ್‌ನಂತಹ ಔಷಧಿ ಎಲೆಯಿಂದ ಬೇರಿಗಿಳಿದು ನಿಧಾನವಾಗಿ ಕೊಲ್ಲುತ್ತದೆ. ಬೆಳಿಗ್ಗೆ ಸಿಂಪಡಿಸಿದ ನೆಲನೆಲ್ಲಿಯನ್ನು ಸಂಜೆ ಕಿತ್ತು ಅರೆದು ಕುಡಿದವರಿಗೆ ಅದರ ಮೇಲೆ ಏನಿತ್ತೆಂದು ತಿಳಿಯುವ ದಾರಿಯಿಲ್ಲ. ಗರಿಕೆ ಕಿತ್ತು ಬೆನಕನಿಗೇರಿಸುವ ಮಗುವಿಗೂ, ತುಂಬೆ ಬಿಡಿಸಿ ಪೂಜೆಗೆ ತರುವ ತಾಯಿಗೂ ತಿಳಿಯುವುದಿಲ್ಲ. ಹೊಲದಲ್ಲಿ ಸಿಂಪಡಿಸಿದವನಿಗೆ ತನ್ನ ಹೊಲ ಗೊತ್ತಿರುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಸಿಂಪಡಿಸಿದ ಸುದ್ದಿ ಅಲ್ಲಿ ನಡೆದಾಡುವವರಿಗೆ ಮುಟ್ಟುವುದೇ ಇಲ್ಲ. ತೊಂದರೆಯ ಮೂಲ ಇಲ್ಲಿದೆ.

ನಿಜವಾದ ಶತ್ರು

ಹೀಗೆಂದು ಎಲ್ಲ ಗಿಡವನ್ನೂ ಬೆಳೆಯಲು ಬಿಡಿರೆಂದು ನಾನು ಹೇಳುತ್ತಿಲ್ಲ. ನಾವು ನಿಜವಾಗಿ ನಿವಾರಿಸಿಕೊಳ್ಳಬೇಕಾದ ಗಿಡವೊಂದಿದೆ. ಅದು ಪಾರ್ಥೇನಿಯಂ; ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಮೂಲ ಅಮೆರಿಕ ಖಂಡದ್ದು. 1950ರ ದಶಕದಲ್ಲಿ ಪುಣೆಯ ಪರಿಸರದಲ್ಲಿ ಸಸ್ಯವಿಜ್ಞಾನಿಗಳ ಗಮನಕ್ಕೆ ಬಂದ ಈ ಗಿಡ, ಹೊರದೇಶದಿಂದ ಆಮದಾದ ಗೋಧಿಯೊಂದಿಗೆ ಬಂದಿತೆಂಬುದು ಪ್ರಚಲಿತ ಅಭಿಪ್ರಾಯ. ಮುಂದೆ ಎರಡು ದಶಕಗಳಲ್ಲಿ ಅದು ಬೆಂಗಳೂರನ್ನೂ ಹಳೆ ಮೈಸೂರು ಸೀಮೆಯನ್ನೂ ಆವರಿಸಿತು. 1975ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಅಪಾಯಕಾರಿ ಕಳೆಯೆಂದು ಘೋಷಿಸಿತು.

ಈ ಗಿಡದ ಬಲ ಅದರ ಬೀಜದಲ್ಲಿದೆ. ಒಂದೇ ಗಿಡ ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಉದುರಿಸಬಲ್ಲದು. ಮೊಳೆತ 4ರಿಂದ 6 ವಾರಗಳಲ್ಲಿ ಹೂ ಬಿಡಲಾರಂಭಿಸುತ್ತದೆ. ಮಣ್ಣಿನಲ್ಲಿ ಹೂತ ಬೀಜ ಹಲವು ವರ್ಷ ಜೀವಂತವಿರುತ್ತದೆ. ಅದರಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕ ಸುತ್ತಲಿನ ಗಿಡಗಳನ್ನು ಬೆಳೆಯಗೊಡುವುದಿಲ್ಲ. ಅದೇ ರಾಸಾಯನಿಕ ನಮ್ಮ ಚರ್ಮಕ್ಕೂ ಶತ್ರು.

ನಾಲ್ಕು ದಶಕಗಳ ವೈದ್ಯವೃತ್ತಿಯಲ್ಲಿ ಈ ಚರ್ಮರೋಗವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ರೆಪ್ಪೆ, ಕತ್ತು, ಮೊಣಕೈಯ ಒಳಮಡಿಕೆಗಳಲ್ಲಿ ತುರಿಕೆಯಾಗಿ ಆರಂಭವಾಗುವ ಇದು ಕ್ರಮೇಣ ಚರ್ಮವನ್ನು ಕಪ್ಪಾಗಿ, ದಪ್ಪವಾಗಿ ಮಾಡುತ್ತದೆ. ಗಿಡವನ್ನು ಮುಟ್ಟಲೇಬೇಕೆಂದಿಲ್ಲ, ಗಾಳಿಯಲ್ಲಿ ತೇಲಿಬರುವ ಅದರ ಒಣಪುಡಿಯೇ ಸಾಕು. ಒಮ್ಮೆ ದೇಹ ಇದನ್ನು ಶತ್ರುವೆಂದು ಗುರುತಿಸಿದ ಮೇಲೆ ಪ್ರತಿ ವರ್ಷವೂ ರೋಗ ಮರುಕಳಿಸುತ್ತದೆ. ಪರಾಗದಿಂದ ಸೀನು, ಉಬ್ಬಸಗಳೂ ಬರುತ್ತವೆ. ಗಂಧಕ, ಬೇವು, ಅರಿಶಿನ ಏನು ಹಚ್ಚಿದರೂ ಕಾರಣವನ್ನು ದೂರ ಮಾಡದೆ ಕಾಯಿಲೆ ದೂರವಾಗದು. ನಿದಾನ ಪರಿವರ್ಜನ, ಅಂದರೆ ಕಾರಣದ ವರ್ಜನೆಯೇ ಮೊದಲ ಚಿಕಿತ್ಸೆ ಎಂಬ ಸೂತ್ರಕ್ಕೆ ಇದಕ್ಕಿಂತ ನೇರ ಉದಾಹರಣೆ ಸಿಗಲಾರದು.

ಪ್ರಾಣಿಗಳಿಗೂ ಅಷ್ಟೇ. ಬೇರೆ ಮೇವಿಲ್ಲದೆ ಈ ಗಿಡವನ್ನು ತಿಂದ ದನಗಳ ಹಾಲು ಕಹಿಯಾಗುತ್ತದೆ. ಮೇವಿನಲ್ಲಿ ಹೆಚ್ಚು ಬೆರೆತರೆ ಬಾಯಿಹುಣ್ಣು, ಚರ್ಮದ ಉರಿಯೂತ ಉಂಟಾಗಿ ಪ್ರಾಣಕ್ಕೂ ಅಪಾಯ. ಆದ್ದರಿಂದ ಪಾರ್ಥೇನಿಯಂ ಹೋಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅದನ್ನು ಕಳುಹಿಸುವ ಭರದಲ್ಲಿ ಮತ್ತೊಂದು ವಿಷವನ್ನು ಬರಮಾಡಿಕೊಳ್ಳಬಾರದು, ಅಷ್ಟೆ.

ಡಬ್ಬಿಯೊಳಗೆ ಏನಿದೆ?

ನಮ್ಮ ಕಡೆ ಸಾಮಾನ್ಯವಾಗಿ ಕೇಳಿಬರುವ ಕಳೆನಾಶಕಗಳು ಮೂರು: ಗ್ಲೈಫೋಸೇಟ್, 2,4-ಡಿ, ಪ್ಯಾರಾಕ್ವಾಟ್.

ಗ್ಲೈಫೋಸೇಟ್ ಕೆಲಸ ಮಾಡುವುದು ಸಸ್ಯಗಳಲ್ಲಿರುವ, ಪ್ರಾಣಿಗಳಲ್ಲಿಲ್ಲದ ಒಂದು ಜೀವರಾಸಾಯನಿಕ ಮಾರ್ಗದ ಮೇಲೆ. ಇದರಿಂದಲೇ ಅದು ನಿರಪಾಯಕಾರಿ ಎಂಬ ಪ್ರಚಾರ ಹುಟ್ಟಿತು. ಆದರೆ ಡಬ್ಬಿಯಲ್ಲಿ ಗ್ಲೈಫೋಸೇಟ್ ಒಂದೇ ಇರುವುದಿಲ್ಲ. ಎಲೆಗೆ ಅಂಟಿಕೊಂಡು ಒಳಗಿಳಿಯಲು ಸಾಬೂನಿನಂತಹ ದ್ರವ್ಯಗಳನ್ನು ಸೇರಿಸಿರುತ್ತಾರೆ. ಅವು ಕಣ್ಣು, ಜಠರಗಳನ್ನು ಕೆರಳಿಸುತ್ತವೆ; ಕಪ್ಪೆ, ಮೀನುಗಳಿಗೆ ಅವುಗಳಲ್ಲಿ ಕೆಲವು ಬಹಳ ವಿಷಕಾರಿ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗ್ಲೈಫೋಸೇಟನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿತು. ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಈ ನಿರ್ಣಯವನ್ನು ಒಪ್ಪಿಲ್ಲವೆಂಬುದನ್ನೂ ಹೇಳಬೇಕು. ತಜ್ಞರಲ್ಲಿ ವಾದ ಮುಗಿದಿಲ್ಲ. ನಮ್ಮ ಕೇಂದ್ರ ಕೃಷಿ ಸಚಿವಾಲಯ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿ, ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಗ್ಲೈಫೋಸೇಟ್ ಬಳಸಕೂಡದೆಂದಿತು. ಅಂಗಡಿಯಿಂದ ಡಬ್ಬಿ ತಂದು ಯಾರು ಬೇಕಾದರೂ ಶಾಲೆಯ ಅಂಗಳಕ್ಕೆ ಹೊಡೆಯುವುದು ಆ ಅಧಿಸೂಚನೆಯ ಆಶಯಕ್ಕೆ ವಿರುದ್ಧ.

2,4-ಡಿ ಕುರಿತು ನಾಯಿ ಸಾಕಿದವರು ತಿಳಿಯಬೇಕಾದ ಸಂಗತಿಯೊಂದಿದೆ. ಈ ಬಗೆಯ ಆಮ್ಲಗಳನ್ನು ಮನುಷ್ಯನ ಮೂತ್ರಪಿಂಡ ಬೇಗ ಹೊರಹಾಕುತ್ತದೆ. ನಾಯಿಯ ಮೂತ್ರಪಿಂಡಕ್ಕೆ ಆ ಶಕ್ತಿ ಬಹಳ ಕಡಿಮೆ. ಆದ್ದರಿಂದ ಅದು ನಾಯಿಯ ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ವಾಂತಿ, ಜೊಲ್ಲು, ಕಾಲುಗಳ ಬಿಗಿತ, ನಡಿಗೆಯಲ್ಲಿ ತೊಡಕು ಇದರ ಲಕ್ಷಣಗಳು. ಮೂರನೆಯದಾದ ಪ್ಯಾರಾಕ್ವಾಟ್ ವಿಷಯದಲ್ಲಿ ಮಾತು ಬೆಳೆಸುವುದೇ ಬೇಡ. ಒಂದು ಗುಟುಕು ಕೂಡ ಪ್ರಾಣಹಾರಿ. ಶ್ವಾಸಕೋಶವನ್ನು ನಿಧಾನವಾಗಿ ಗಟ್ಟಿಗೊಳಿಸಿ ಕೊಲ್ಲುವ ಇದಕ್ಕೆ ಪ್ರತಿವಿಷವಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2007ರಿಂದ ಇದರ ಬಳಕೆಗೆ ಅನುಮತಿಯಿಲ್ಲ.

ನಾವು ಚಪ್ಪಲಿ ಹಾಕಿಕೊಂಡು ದಾರಿಯ ಮಧ್ಯೆ ನಡೆಯುತ್ತೇವೆ. ನಾಯಿ ಬರಿಗಾಲಿನಲ್ಲಿ ಹುಲ್ಲಿನ ಮೇಲೆ ನಡೆದು, ಹೊರಳಿ, ಮೂಸಿ, ಅನಂತರ ಪಾದಗಳನ್ನು ನೆಕ್ಕುತ್ತದೆ. ಹೊಟ್ಟೆ ಕೆಟ್ಟರೆ ನಾಯಿಯೂ ಬೆಕ್ಕೂ ಗರಿಕೆಯನ್ನೇ ಹುಡುಕಿ ಮೇಯುತ್ತವೆ. ಬೆಕ್ಕು ಮೈಯೆಲ್ಲ ನೆಕ್ಕಿ ಶುಚಿಮಾಡಿಕೊಳ್ಳುವುದರಿಂದ ರೋಮಕ್ಕೆ ಅಂಟಿದ್ದೆಲ್ಲ ಅದರ ಹೊಟ್ಟೆ ಸೇರುತ್ತದೆ. ಕುರಿ, ಮೇಕೆ, ದನಗಳು ಸಾಮಾನ್ಯವಾಗಿ ಮುಟ್ಟದ ಕೆಲವು ಗಿಡಗಳು 2,4-ಡಿ ಬಿದ್ದು ಬಾಡುವಾಗ ಅವಕ್ಕೆ ರುಚಿಸುವುದುಂಟು. ನೆಲದ ಮೇಲೆ ಅಂಬೆಗಾಲಿಡುವ, ಬೆರಳು ಚೀಪುವ ಮಗುವಿನ ಸ್ಥಿತಿಯೂ ಸಾಕುಪ್ರಾಣಿಯ ಸ್ಥಿತಿಗಿಂತ ಬೇರೆಯಲ್ಲ. ಪ್ರಾಣಿಗಳಿಗೆ ಸುರಕ್ಷಿತವಾದ ನೆಲ ಮಕ್ಕಳಿಗೂ ಸುರಕ್ಷಿತ.

ನಮ್ಮ ಸೀಮೆಗೆ ಇನ್ನೊಂದು ಹೊಣೆಯೂ ಇದೆ. ಇಲ್ಲಿ ನೀರು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವುದಿಲ್ಲ. ವಿರಿಜಾ ನಾಲೆಯ ಏರಿಯ ಮೇಲೆ ಬಿದ್ದದ್ದು ಗದ್ದೆಗೆ, ಗದ್ದೆಯಿಂದ ಕಾವೇರಿಗೆ ಸೇರುತ್ತದೆ. ಪಕ್ಕದಲ್ಲೇ ರಂಗನತಿಟ್ಟು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ತಾಣವದು. ಅಲ್ಲಿನ ಕೊಕ್ಕರೆ, ಹೆಜ್ಜಾರ್ಲೆ, ನೀರುನಾಯಿಗಳು ತಿನ್ನುವ ಮೀನು ನಮ್ಮ ನಾಲೆಯ ನೀರಿನಲ್ಲೇ ಬೆಳೆದದ್ದು.

ಆಯುರ್ವೇದದ ದೃಷ್ಟಿ

ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯವೆಂದು ಹೆಸರು. ಪಾಂಚಾಲ ದೇಶದ ಕಾಂಪಿಲ್ಯ ನಗರದ ಬಳಿ, ಗಂಗಾತೀರದಲ್ಲಿ ಆತ್ರೇಯರು ಶಿಷ್ಯ ಅಗ್ನಿವೇಶನಿಗೆ ಇದನ್ನು ಬೋಧಿಸುತ್ತಾರೆ. ಪ್ರಕೃತಿ, ಆಹಾರ, ವಯಸ್ಸು, ಬಲ ಬೇರೆ ಬೇರೆಯಾದ ಜನರೆಲ್ಲರೂ ಒಮ್ಮೆಗೇ ಕಾಯಿಲೆ ಬೀಳುವುದು ಹೇಗೆಂದು ಅಗ್ನಿವೇಶ ಕೇಳುತ್ತಾನೆ. ಎಲ್ಲರಿಗೂ ಸಮಾನವಾದ ವಾಯು, ಜಲ, ದೇಶ, ಕಾಲ ಎಂಬ ನಾಲ್ಕು ಕೆಟ್ಟಾಗ ಹಾಗಾಗುತ್ತದೆಂಬುದು ಆತ್ರೇಯರ ಉತ್ತರ. ನೆಲ ಕೆಡುವ ಮೊದಲೇ, ಔಷಧಿಗಿಡಗಳು ರಸ ವೀರ್ಯಗಳನ್ನು ಕಳೆದುಕೊಳ್ಳುವ ಮೊದಲೇ ಅವನ್ನು ಸಂಗ್ರಹಿಸಿಡಬೇಕೆಂಬ ಎಚ್ಚರಿಕೆಯೂ ಅಲ್ಲಿದೆ. ಸಾರ್ವಜನಿಕ ಆರೋಗ್ಯವೆಂದು ನಾವಿಂದು ಕರೆಯುವ ವಿಚಾರದ ಬೀಜ ಅದು.

ಇನ್ನೊಂದು ಪರಿಕಲ್ಪನೆ ದೂಷೀವಿಷ. ಸುಶ್ರುತರು ಕಲ್ಪಸ್ಥಾನದಲ್ಲಿ ಇದನ್ನು ವಿವರಿಸುತ್ತಾರೆ. ಬಲ ಕುಂದಿದ, ಕೂಡಲೇ ಕೊಲ್ಲಲಾರದ ವಿಷ ದೇಹದಲ್ಲಿ ಅಡಗಿ ಕುಳಿತು, ಕಾಲ ದೇಶಗಳ ಅನುಕೂಲ ಒದಗಿದಾಗ ಕೆರಳಿ ಧಾತುಗಳನ್ನು ಕೆಡಿಸುತ್ತದೆ ಎಂಬುದು ಅದರ ಸಾರ. ಇಂದಿನ ಕಳೆನಾಶಕ ಸುಶ್ರುತರಿಗೆ ತಿಳಿದಿತ್ತೆಂದು ಹೇಳುವುದು ಸರಿಯಲ್ಲ. ಆದರೆ ಕಡಿಮೆ ಪ್ರಮಾಣವೆಂಬ ಕಾರಣಕ್ಕೆ ವಿಷವನ್ನು ವಿಷವಲ್ಲವೆಂದು ತಿಳಿಯಬೇಡಿ ಎಂಬ ಪಾಠ ಇಂದಿಗೂ ಸಲ್ಲುತ್ತದೆ.

ವಿಷವಿಲ್ಲದ ವಿಧಾನಗಳು

ಒಂದೇ ಉಪಾಯ ಎಲ್ಲ ಜಾಗಕ್ಕೂ ಒಗ್ಗುವುದಿಲ್ಲ. ರೋಗಿಯ ಪ್ರಕೃತಿ ನೋಡಿ ಔಷಧಿ ಕೊಡುವಂತೆ, ಜಾಗದ ಪ್ರಕೃತಿ ನೋಡಿ ವಿಧಾನ ಆರಿಸಬೇಕು.

ಹೂವಿಗೆ ಮುಂಚೆ ಕೈಯಿಂದ ಕೀಳುವುದು. ಪಾರ್ಥೇನಿಯಂಗೆ ಇದೇ ಮುಖ್ಯ ಚಿಕಿತ್ಸೆ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಗಿಡ ಮೊಣಕಾಲುದ್ದ ಬರುವ ಮೊದಲು, ಬೇರುಸಹಿತ ಕೀಳಬೇಕು. ಬುಡದಲ್ಲಿ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಕೈಗವಸು, ತುಂಬುತೋಳಿನ ಅಂಗಿ, ಮೂಗುಬಾಯಿಗೆ ಬಟ್ಟೆ ಕಡ್ಡಾಯ. ಈಗಾಗಲೇ ಅಲರ್ಜಿ ಇರುವವರು, ಉಬ್ಬಸದವರು, ಮಕ್ಕಳು ಈ ಕೆಲಸಕ್ಕೆ ಇಳಿಯಬಾರದು. ಹೂ ಬಿಡದ ಗಿಡವನ್ನು 3 ಅಡಿ ಆಳದ ಗುಂಡಿಯಲ್ಲಿ ಸಗಣಿ ಬಗ್ಗಡ ಮತ್ತು ಮಣ್ಣಿನೊಡನೆ ಪದರ ಪದರವಾಗಿ ಹಾಕಿ ಮುಚ್ಚಿದರೆ 4-5 ತಿಂಗಳಲ್ಲಿ ಗೊಬ್ಬರವಾಗುತ್ತದೆ. ಹೂ ಬಂದ ಗಿಡವನ್ನು ಮಾತ್ರ ಗೊಬ್ಬರದ ಗುಂಡಿಗೆ ಸೇರಿಸಬಾರದು. ಗೊಬ್ಬರದ ಜೊತೆ ಬೀಜವೂ ಊರೆಲ್ಲ ಹರಡುತ್ತದೆ.

ಹೊದಿಕೆ. ಬೆಳಕು ಕಾಣದ ಬೀಜದಲ್ಲಿ ಹೆಚ್ಚಿನವು ಮೊಳೆಯುವುದಿಲ್ಲ. ನಮ್ಮಲ್ಲಿ ಹೊದಿಕೆಗೆ ಬರವಿಲ್ಲ. ಪಾಲಹಳ್ಳಿಗೆ ಕಬ್ಬು ಹೊಸದಲ್ಲ. 1847ರಲ್ಲೇ ಇಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ನೆಲೆಗೊಂಡಿತ್ತು. ಇಂದು ಕಬ್ಬು ಕಡಿದ ಮೇಲೆ ಸುಟ್ಟು ಹೊಗೆಯಾಗಿಸುವ ಸೋಗೆಯನ್ನು ಉದ್ಯಾನದ ಗಿಡಗಳ ಬುಡಕ್ಕೂ ಶಾಲೆಯ ಬೇಲಿಯ ಸಾಲಿಗೂ ನಾಲ್ಕು ಬೆರಳಿನಷ್ಟು ದಪ್ಪ ಹರಡಿದರೆ ಕಳೆ ಅಡಗುತ್ತದೆ, ತೇವ ಉಳಿಯುತ್ತದೆ, ಕೊನೆಗೆ ಮಣ್ಣೇ ಆಗುತ್ತದೆ. ತೆಂಗಿನ ಗರಿ, ಒಣ ಎಲೆಯೂ ಆಗಬಹುದು. ಬೀಡಿ ಸಿಗರೇಟು ಸೇದುವ ಜಾಗದಲ್ಲಿ ಮತ್ತು ಮನೆಗೋಡೆಗೆ ತಾಗಿಸಿ ಮಾತ್ರ ಹಾಕಬಾರದು.

ಬಿಸಿನೀರು. ನೆಲಗಲ್ಲುಗಳ ಸಂದು, ಮೆಟ್ಟಿಲು, ಚರಂಡಿಯ ಅಂಚಿನ ಕಳೆಗೆ ಕುದಿಯುವ ನೀರು ಸಾಕು. ಒಂದೆರಡು ವಾರ ಬಿಟ್ಟು ಮತ್ತೆ ಹೊಯ್ದರೆ ಬೇರೂ ಸೋಲುತ್ತದೆ. ನೀರು ತಣಿದ ಮೇಲೆ ಅಲ್ಲಿ ಏನೂ ಉಳಿಯುವುದಿಲ್ಲ. ಮರದ ಬುಡಕ್ಕೆ ಹಾಕಬಾರದು. ಹೊಯ್ಯುವಾಗ ಮಕ್ಕಳು, ಪ್ರಾಣಿಗಳು ದೂರವಿರಬೇಕು.

ಬಿಸಿಲು. ಬೇಸಿಗೆಯಲ್ಲಿ ಖಾಲಿ ಜಾಗವನ್ನು ಅಗೆದು, ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ 4ರಿಂದ 6 ವಾರ ಬಿಟ್ಟರೆ ಮೇಲ್ಪದರದ ಬೀಜಗಳಲ್ಲಿ ಬಹುಪಾಲು ಬೆಂದುಹೋಗುತ್ತವೆ. ಹೊಸದಾಗಿ ಉದ್ಯಾನ ಮಾಡುವ ಜಾಗಕ್ಕೆ ಇದು ಒಳ್ಳೆಯ ಆರಂಭ.

ಗಿಡದಿಂದ ಗಿಡವನ್ನು ಗೆಲ್ಲುವುದು. ಬರಿ ನೆಲ ಕಳೆಗೆ ಕೊಟ್ಟ ಆಹ್ವಾನ. ಪಾರ್ಥೇನಿಯಂ ಕಿತ್ತ ಜಾಗದಲ್ಲಿ ಮುಂಗಾರಿನ ಮೊದಲ ಮಳೆಗೇ ತಗಚೆಯ ಬೀಜ ಎರಚಿದರೆ ಅದು ದಟ್ಟವಾಗಿ ಬೆಳೆದು ಪಾರ್ಥೇನಿಯಂ ಸಸಿಗಳನ್ನು ನೆರಳಿನಲ್ಲಿ ಅಡಗಿಸುತ್ತದೆ. ತಗಚೆಯೇ ನಮ್ಮ ಚಕ್ರಮರ್ದ. ಹುಳುಕಡ್ಡಿಗೆ ಹೆಸರಾದ ಮದ್ದು. ಇದರ ಬೀಜವನ್ನು ಮಕ್ಕಳು, ಪ್ರಾಣಿಗಳು ತಿನ್ನದಂತೆ ನೋಡಿಕೊಳ್ಳಬೇಕು. ಆದ್ದರಿಂದ ಆಟದ ಮೈದಾನ, ಗೋಮಾಳಗಳಿಗೆ ಇದು ಬೇಡ, ರಸ್ತೆಬದಿಗೆ ಸಾಕು. ಮೈದಾನಕ್ಕೆ, ಉದ್ಯಾನಕ್ಕೆ ಗರಿಕೆಯೇ ಶ್ರೇಷ್ಠ. ಒತ್ತಾಗಿ ಬೆಳೆದ ಗರಿಕೆಯ ನಡುವೆ ಪಾರ್ಥೇನಿಯಂಗೆ ಬೇರೂರಲು ಎಡೆ ಸಿಗದು.

ಜೀರುಂಡೆ. ಮೆಕ್ಸಿಕೊದಿಂದ 1983ರಲ್ಲಿ ಬೆಂಗಳೂರಿಗೆ ತಂದು, ಪರೀಕ್ಷಿಸಿ, 1984ರಲ್ಲಿ ಹೊರಬಿಟ್ಟ ಜೈಗೋಗ್ರಾಮ ಎಂಬ ಚಿಕ್ಕ ಜೀರುಂಡೆ ಇಂದು ದೇಶದ ಹಲವೆಡೆ ನೆಲೆಸಿದೆ. ಬೆಳ್ಳನೆಯ ಮೈಮೇಲೆ ಕಪ್ಪು ಅಂಕುಡೊಂಕು ಗೆರೆಗಳಿರುವ ಈ ಹುಳು ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಗಳನ್ನು ತಿಂದು ಗಿಡವನ್ನು ಬೋಳಾಗಿಸುತ್ತದೆ. ಬೇಸಿಗೆಯಲ್ಲಿ ಮಣ್ಣಿನಲ್ಲಿ ಮಲಗುತ್ತದೆ. ಹುಳು ಮೇಯುತ್ತಿರುವ ಗಿಡಗಳನ್ನು ಕಂಡರೆ ಕೀಳದೆ ಬಿಡಿ. ಅಲ್ಲಿಂದ ನೂರಾರು ಹುಳುಗಳನ್ನು ರಂಧ್ರವಿರುವ ಡಬ್ಬಿಯಲ್ಲಿ ಹಿಡಿದು ಹುಳುವಿಲ್ಲದ ಜಾಗಕ್ಕೆ ಬಿಡಬಹುದು. ಒಬ್ಬ ಶಿಕ್ಷಕರಿದ್ದರೆ ಶಾಲೆಯ ಹಿರಿಯ ಮಕ್ಕಳಿಗೆ ಇದೊಂದು ಜೀವಂತ ಪಾಠ. ಹುಳು ಒಂದನ್ನೇ ನಂಬಿ ಕೂರಲಾಗದು. ಕೈಗೆ ಅದು ನೆರವು.

ಕತ್ತರಿಸುವುದು ಮತ್ತು ಮೇಯಿಸುವುದು. ಹುಲ್ಲು ಎತ್ತರವಾದಲ್ಲಿ ಯಂತ್ರದಿಂದ ಕತ್ತರಿಸಬಹುದು. ಮೊದಲು ನಡೆದು ನೋಡಿ ನಾಯಿಮರಿ, ಹಕ್ಕಿಗೂಡು, ಗಾಜಿನ ಚೂರುಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕಣ್ಣಿಗೆ ಕನ್ನಡಕವಿರಲಿ. ಹೂಬಿಟ್ಟ ಪಾರ್ಥೇನಿಯಂ ಮೇಲೆ ಯಂತ್ರ ಓಡಿಸಿದರೆ ಅದರ ಪುಡಿ ಇಡೀ ಬೀದಿಗೆ ಹಾರುತ್ತದೆ. ಕೇವಲ ಹುಲ್ಲಿರುವ ರುದ್ರಭೂಮಿ, ನಾಲೆಯ ಏರಿಗಳಲ್ಲಿ ಕುರಿ ಮೇಕೆಗಳಿಗೆ ಸರದಿಯಂತೆ ಮೇಯಲು ಬಿಡುವುದು ಹಳೆಯ, ಒಳ್ಳೆಯ ಪದ್ಧತಿ.

ಮನೆಮದ್ದೆಂದು ಮೋಸಹೋಗದಿರಿ

ರಾಸಾಯನಿಕವಲ್ಲ ಎಂಬ ಮಾತ್ರಕ್ಕೆ ಎಲ್ಲವೂ ಸುರಕ್ಷಿತವಲ್ಲ. 5 ಲೀಟರ್ ನೀರಿಗೆ 1 ಕಿಲೋ ಅಡುಗೆ ಉಪ್ಪು ಕರಗಿಸಿ ಪಾರ್ಥೇನಿಯಂಗೆ ಸಿಂಪಡಿಸುವ ಸಲಹೆ ಬಹುಕಾಲದಿಂದ ಇದೆ; ಗಿಡ ಸಾಯುವುದೂ ನಿಜ. ಆದರೆ ನಾಲಾ ಪ್ರದೇಶದ ನಮ್ಮ ನೆಲಗಳಲ್ಲಿ ಹಲವೆಡೆ ಈಗಾಗಲೇ ಚೌಳಿನ ಕಾಟವಿದೆ. ಮೇಲೆ ಮೇಲೆ ಉಪ್ಪು ಸುರಿದರೆ ನೆಲ ಸಾಯುತ್ತದೆ. ಉಪ್ಪುನೀರಿನ ಗುಂಡಿಯನ್ನು ನೆಕ್ಕಿದ ನಾಯಿಗೆ ವಾಂತಿ, ನಡುಕ, ಸೆಳವು ಬರಬಹುದು. ಮನೆಯ ವಿನೆಗರ್ ಎಳೆಯ ಸಸಿಗಳನ್ನು ಮಾತ್ರ ಸುಡುತ್ತದೆ; ಬಲವಾದ ಆಮ್ಲ ಕಣ್ಣು ಚರ್ಮಗಳನ್ನೂ ಸುಡುತ್ತದೆ. ಡೀಸೆಲ್, ಬಳಸಿದ ಎಂಜಿನ್ ಎಣ್ಣೆ ಸುರಿಯುವುದಂತೂ ಮಣ್ಣಿಗೂ ಅಂತರ್ಜಲಕ್ಕೂ ದ್ರೋಹ. ಬೆಂಕಿ ಹಚ್ಚುವುದು ಬೇಸಿಗೆಯಲ್ಲಿ ಅನಾಹುತಕ್ಕೆ ದಾರಿ.

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಕಳೆ ತೆಗೆದ ಮೇಲೆ ಗಿಡಗಳಿಗೆ ಹಾಕುವ ಹರಳು ಹಿಂಡಿಯಲ್ಲಿ ರೈಸಿನ್ ಎಂಬ ಘೋರ ವಿಷ ಉಳಿದಿರುತ್ತದೆ. ಅದರ ವಾಸನೆಗೆ ನಾಯಿಗಳು ಬಂದು ತಿಂದು ಸತ್ತಿರುವುದುಂಟು. ನಾಯಿಗಳು ತಿರುಗಾಡುವ ಉದ್ಯಾನಗಳಲ್ಲಿ ಹರಳು ಹಿಂಡಿ ಬಳಸಬಾರದು. ಕೊಳೆತ ಸಗಣಿ ಗೊಬ್ಬರ ಅಥವಾ ಎರೆಗೊಬ್ಬರ ಸಾಕು.

ಹಾವಿನ ಭಯ ಮತ್ತು ಆಳಿನ ಕೊರತೆ

ಔಷಧಿ ಹೊಡೆಯದಿದ್ದರೆ ಹಾವು ಬರುತ್ತವೆ ಎನ್ನುವವರಿದ್ದಾರೆ. ಭತ್ತ, ಕಬ್ಬಿನ ನಾಡಿನಲ್ಲಿ ಕೊಳಕುಮಂಡಲದ ಭಯ ಸುಳ್ಳಲ್ಲ. ಆದರೆ ಹಾವು ಬರುವುದು ಇಲಿಗೆ, ಇಲಿ ಬರುವುದು ನಾವು ಎಸೆದ ಕಸಕ್ಕೆ. ನಡೆದಾಡುವ ದಾರಿಯ ಎರಡೂ ಬದಿ 3 ಅಡಿ ಅಗಲ ಹುಲ್ಲನ್ನು ಗಿಡ್ಡವಾಗಿಟ್ಟು, ಕಸದ ರಾಶಿ ತೆಗೆದು, ರಾತ್ರಿ ದೀಪ ಹಿಡಿದು ನಡೆದರೆ ಅಪಾಯ ಬಹಳ ತಗ್ಗುತ್ತದೆ. ಕಳೆನಾಶಕ ಹೊಡೆದರೂ ಒಣಗಿದ ಹುಲ್ಲು ವಾರಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ಹಾವಿಗೆ ಹಸಿ ಹುಲ್ಲೂ ಒಂದೇ, ಒಣ ಹುಲ್ಲೂ ಒಂದೇ.

ಆಳು ಸಿಗುವುದಿಲ್ಲ ಎಂಬ ಎರಡನೆಯ ಮಾತು ಹೆಚ್ಚು ತೂಕದ್ದು. ಕೈಕೆಲಸಕ್ಕೆ ಸಿಂಪಡಣೆಗಿಂತ ಹೆಚ್ಚು ಜನ ಬೇಕು, ನಿಜ. ಆದರೆ ಲೆಕ್ಕವನ್ನು ಒಂದು ವರ್ಷಕ್ಕೆ ನಿಲ್ಲಿಸಬಾರದು. ಸಿಂಪಡಿಸಿದ ಜಾಗ ಬರಿದಾಗಿ, ಮುಂದಿನ ಮಳೆಗೆ ಮೊದಲು ಬರುವುದು ಪಾರ್ಥೇನಿಯಮ್ಮೇ. ಹೂವಿಗೆ ಮುಂಚೆ ಕಿತ್ತು, ಗರಿಕೆಯನ್ನೋ ತಗಚೆಯನ್ನೋ ಕೂರಿಸಿದ ಜಾಗದಲ್ಲಿ ಕೆಲಸ ವರ್ಷದಿಂದ ವರ್ಷಕ್ಕೆ ಹಗುರವಾಗುತ್ತದೆ.

ಸಣ್ಣ ಊರೊಂದು ಈ ವಿಷಯದಲ್ಲಿ ಏನು ಮಾಡಬಲ್ಲದೆಂಬುದಕ್ಕೆ ದೂರದ ಉದಾಹರಣೆಯೊಂದನ್ನು ಹೇಳುತ್ತೇನೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಹಡ್ಸನ್ ಎಂಬ ಪುಟ್ಟ ಊರಿನಲ್ಲಿ ಜೂನ್ ಅರ್ವಿನ್ ಎಂಬ ಚರ್ಮವೈದ್ಯೆ ಹುಲ್ಲುಹಾಸಿಗೆ ಸಿಂಪಡಿಸುವ ವಿಷಗಳ ವಿರುದ್ಧ ತಮ್ಮ ಊರಿನ ಸಭೆಯಲ್ಲಿ ವರ್ಷಗಟ್ಟಲೆ ಮಾತನಾಡಿದರು. 1991ರಲ್ಲಿ ಊರಿನ ಆಡಳಿತ ಅಂತಹ ಸಿಂಪಡಣೆಯನ್ನು ನಿರ್ಬಂಧಿಸಿತು. ಸಿಂಪಡಣೆಯ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2001ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ ಊರಿನ ಪರವಾಗಿ ತೀರ್ಪಿತ್ತಿತು. ಫ್ರಾನ್ಸ್ ದೇಶ 2017ರಿಂದ ಸಾರ್ವಜನಿಕ ಉದ್ಯಾನ, ರಸ್ತೆಬದಿಗಳಲ್ಲಿ ರಾಸಾಯನಿಕ ಕಳೆನಾಶಕವನ್ನು ನಿಲ್ಲಿಸಿದೆ. ನಮಗೆ ನ್ಯಾಯಾಲಯವೇ ಬೇಕಿಲ್ಲ, ಗ್ರಾಮಸಭೆ ಇದೆ. ಸಿಂಪಡಣೆ ಬೇಡವೆಂದು ಅಲ್ಲಿ ಕೇಳಬಹುದು. ಅನಿವಾರ್ಯವೆಂದು ಎಲ್ಲಾದರೂ ಸಿಂಪಡಿಸುವುದಾದರೆ ಎರಡು ದಿನ ಮುಂಚೆ ಡಂಗುರ ಸಾರಿ, ಜಾಗಕ್ಕೆ ಫಲಕ ಹಾಕಿ, ಶಾಲೆ, ಅಂಗನವಾಡಿ, ನಾಲೆಯ ಬದಿಗಳನ್ನು ಸಂಪೂರ್ಣ ಬಿಡಬೇಕೆಂದು ಕೇಳಬಹುದು.

ಅವಘಡವಾದರೆ

ಮೈಮೇಲೆ ಕಳೆನಾಶಕ ಬಿದ್ದರೆ ಬಟ್ಟೆ ಕಳಚಿ ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷ ಹರಿಯುವ ನೀರು ಬಿಡಿ. ನುಂಗಿದ್ದರೆ ವಾಂತಿ ಮಾಡಿಸಬೇಡಿ, ಮನೆಮದ್ದು ಕೊಡಬೇಡಿ. ಆಯುರ್ವೇದ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ. 108ಕ್ಕೆ ಕರೆ ಮಾಡಿ, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಧಾವಿಸಿ. ರೋಗಿ ಚೆನ್ನಾಗಿಯೇ ಕಂಡರೂ ಕಾಯಬಾರದು. ಪ್ಯಾರಾಕ್ವಾಟ್ ಮೊದಲ ದಿನ ಮೋಸಗೊಳಿಸುತ್ತದೆ.

ನಾಯಿ ಬೆಕ್ಕು ಸಿಂಪಡಿಸಿದ ಜಾಗದಲ್ಲಿ ಓಡಾಡಿ ಬಂದರೆ ನೆಕ್ಕುವ ಮೊದಲೇ, ಕೈಗವಸು ಧರಿಸಿ, ಪಾದ ಹೊಟ್ಟೆಗಳನ್ನು ಸಾಬೂನು ನೀರಿನಿಂದ ತೊಳೆದು ಒರೆಸಿ. ಜೊಲ್ಲು, ವಾಂತಿ, ತೂರಾಟ, ಏದುಸಿರು ಕಂಡರೆ ಪಶುವೈದ್ಯರಲ್ಲಿಗೆ ಒಯ್ಯಿರಿ. 1962 ಸಂಖ್ಯೆಗೆ ಕರೆ ಮಾಡಿದರೆ ಪಶು ಸಂಜೀವಿನಿ ಸೇವೆಯ ನೆರವು ದೊರೆಯುತ್ತದೆ.

ಒಂದು ವರ್ಷದ ಕ್ರಮ

ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಮತ್ತು ತಗಚೆ ಬೀಜದ ಸಂಗ್ರಹ. ಭರಣಿ, ಕೃತ್ತಿಕೆ ಮಳೆಗೆ ಬೀಜ ಎರಚುವುದು, ಗರಿಕೆ ನೆಡುವುದು. ಜೂನ್‌ನಿಂದ ತಿಂಗಳಿಗೊಮ್ಮೆ ಪಾರ್ಥೇನಿಯಂ ಕೀಳುವುದು. ಆಗಸ್ಟ್ 16ರಿಂದ 22ರವರೆಗೆ ದೇಶಾದ್ಯಂತ ನಡೆಯುವ ಪಾರ್ಥೇನಿಯಂ ಜಾಗೃತಿ ಸಪ್ತಾಹದಲ್ಲಿ ಇಡೀ ಊರು ಒಂದು ದಿನ ಕೈಜೋಡಿಸುವುದು, ಜೀರುಂಡೆ ಬಿಡುವುದು. ಉತ್ತರೆ, ಹಸ್ತ, ಚಿತ್ತೆ ಮಳೆಗಳ ನಡುವೆ ಎರಡನೆಯ ಪೀಳಿಗೆಯ ಗಿಡಗಳನ್ನು ತಪ್ಪದೆ ಕೀಳುವುದು; ಬಹಳ ಊರುಗಳು ಸೋಲುವುದು ಇಲ್ಲಿಯೇ. ಕಬ್ಬು ಕಡಿಯುವ ಕಾಲಕ್ಕೆ ಸೋಗೆಯ ಹೊದಿಕೆ.

ಎಲ್ಲ ಜಾಗವನ್ನೂ ಒಮ್ಮೆಗೇ ಹಿಡಿಯಬೇಕಾಗಿಲ್ಲ. ಅಂಗನವಾಡಿಯ ಅಂಗಳ, ಶಾಲೆಯ ಮೈದಾನ, ಕುಡಿಯುವ ನೀರಿನ ತೊಟ್ಟಿಯ ಸುತ್ತ ಈ ಮೂರರಿಂದ ಆರಂಭಿಸಿರಿ. ಕೀಳುವ ಮುನ್ನ ಊರಿನ ಹಿರಿಯ ಹೆಣ್ಣುಮಕ್ಕಳನ್ನೊಮ್ಮೆ ಕರೆದು ಯಾವುದು ಸೊಪ್ಪು, ಯಾವುದು ಮದ್ದು, ಯಾವುದು ಕಳೆ ಎಂದು ಕಿರಿಯರಿಗೆ ತೋರಿಸಲು ಹೇಳಿರಿ. ಆ ತಿಳಿವಳಿಕೆ ಇನ್ನೊಂದು ತಲೆಮಾರಿಗೆ ಉಳಿಯಬೇಕಾದರೆ ಗಿಡವೂ ಉಳಿಯಬೇಕು, ಅದು ಬೆಳೆಯುವ ನೆಲವೂ ಶುದ್ಧವಾಗಿರಬೇಕು. ವಾರಕ್ಕೊಂದು ಗಂಟೆ ಎಲ್ಲರ ನೆಲಕ್ಕಾಗಿ ಬಗ್ಗಿ ಕೆಲಸ ಮಾಡುವುದೂ ಕಾಯಕವೇ. ಹಾಗೆ ಶುದ್ಧವಾದ ನೆಲದಲ್ಲಿ ಮಗು ಆಡಲಿ, ಕರು ಮೇಯಲಿ, ಬೀದಿಯ ನಾಯಿಯೂ ನಿಶ್ಚಿಂತೆಯಿಂದ ಮಲಗಲಿ.